ಇಳಿತದಲ್ಲಿ ತೋರಿಸುವ ಮನೆ

ಒಂದು ಕಡಲಿತ್ತಂತೆ. ಕಡಲಿಗೆ ಅಂಟಿಕೊಂಡು ಒಂದು ಪೇಟೆ. ಆ ಪೇಟೆಯಲ್ಲಿ ಮನೆ ಮಾರಿಸಿಕೊಡುವ ಒಬ್ಬ ಮಾವನಿದ್ದನಂತೆ. ಅವನಿಗೆ ಎರಡು ಕಣ್ಣು, ಎರಡು ಕಿವಿ, ನೆಟ್ಟಗಿನ ಒಂದು ಮೂಗು ಎಲ್ಲ ಇದ್ದವು. ಆದರೆ ಕೆಲಸದ ಹೊತ್ತಿನಲ್ಲಿ ಬಾಯಿಯೊಂದನ್ನು ಬಿಟ್ಟು ಬೇರೆ ಯಾವುದನ್ನೂ ಅವನು ಬಳಸುತ್ತಿರಲಿಲ್ಲವಂತೆ. ಅವನಿಗೊಬ್ಬಳು ಸೋದರಸೊಸೆ. ತಾಯಿಯಿಲ್ಲದ ಹುಡುಗಿ, ಅಜ್ಜಿಯ ಕಥೆ ಕುಡಿದು ಬೆಳೆದವಳು. ಕಥೆಗಳಲ್ಲಿ ರಾಜರು ಒಪ್ಪಿಸುತ್ತಾರಲ್ಲ, ಏಳು ಸಮುದ್ರ ದಾಟಿ ಹೋಗು, ಗಿಳಿಯ ಹೊಟ್ಟೆಯಲ್ಲಿರುವ ಪ್ರಾಣ ತಾ ಎಂದು, ಹಾಗೆ ಮಾವ ಆ ಹುಡುಗಿಗೊಂದು ಕೆಲಸ ಒಪ್ಪಿಸಿದ. ಅಷ್ಟು ದೂರದ ಮಾತೇನಲ್ಲ. ಕಡಲದಂಡೆಯ ಸಾಲಿನಲ್ಲಿರುವ ಏಳನೇ ಮನೆಯನ್ನು ಮಾರು ಎಂದ.

ಹುಡುಗಿಗೆ ಕಾಗದಪತ್ರದಲ್ಲಿ ಬೇರೆ ಹೆಸರಿತ್ತು. ಅಜ್ಜಿ ಕರೆಯುತ್ತಿದ್ದದ್ದು ಮಾತ್ರ ಇರುವೆ ಎಂದು. ಚಿಕ್ಕವಳಿದ್ದಾಗ ಬೆಲ್ಲವನ್ನು ಯಾವ ಡಬ್ಬಿಯಲ್ಲಿ ಹಾಕಿ ಯಾವ ಅಟ್ಟದಲ್ಲಿ ಬಚ್ಚಿಟ್ಟರೂ ನೆಟ್ಟಗೆ ಅದರ ಕೆಳಗೆ ಹೋಗಿ ನಿಲ್ಲುತ್ತಿದ್ದಳು. "ಇದಕ್ಕೆ ಕಣ್ಣು ಎರಡೇ, ಮೂಗು ಮಾತ್ರ ನಾಲ್ಕು ಜನಕ್ಕಾಗೋಷ್ಟಿದೆ" ಎಂದು ಅಜ್ಜಿ ನಗುತ್ತಿದ್ದಳು. ಆ ಮೂಗೇ ಮುಂದೆ ಮಾವನ ಕಣ್ಣಿಗೆ ಬಿತ್ತು.

ಮಾವನ ಕಚೇರಿ ಕೆಳಗೆ, ಅಜ್ಜಿ ಮತ್ತು ಇರುವೆಯ ಎರಡು ಕೋಣೆ ಮೇಲೆ. ಕಚೇರಿಯ ಗೋಡೆಗೆ ತೂಗುಹಾಕಿದ್ದದ್ದು ಬಂದರಿನವರು ಅಚ್ಚುಹಾಕಿಸುವ ಉಬ್ಬರ ಇಳಿತದ ಪಟ್ಟಿ. ಯಾವ ದಿನ ಕಡಲು ಎಷ್ಟು ಹೊತ್ತಿಗೆ ಏರುತ್ತದೆ, ಎಷ್ಟು ಹೊತ್ತಿಗೆ ಇಳಿಯುತ್ತದೆ ಎಂದು ಮೀನುಗಾರರಿಗಾಗಿ ಮಾಡಿದ್ದು. ಮಾವ ಅದರಲ್ಲಿ ಇಳಿತದ ಹೊತ್ತುಗಳಿಗೆಲ್ಲ ಹಸಿರು ಬಳಿದಿದ್ದ. ದಂಡೆಯ ಸಾಲಿನ ಮನೆಗಳನ್ನು ಗಿರಾಕಿಗಳಿಗೆ ತೋರಿಸುವುದು ಆ ಹಸಿರು ಹೊತ್ತಿನಲ್ಲೇ. ನಲವತ್ತು ನಿಮಿಷ, ಅದಕ್ಕಿಂತ ಒಂದು ನಿಮಿಷ ಹೆಚ್ಚಿಲ್ಲ. ಆಗ ಕಡಲು ಸಂಭಾವಿತನಂತೆ ದೂರ ಸರಿದು ನಿಂತಿರುತ್ತದೆ, ಒದ್ದೆ ಮರಳು ಹೊಳೆಯುತ್ತದೆ, ಬಂದವರು ಕಿಟಕಿಗೆ ಕೈಯೂರಿ "ಆಹಾ" ಎನ್ನುತ್ತಾರೆ.

ಇರುವೆಯ ಕೆಲಸ ಅದಕ್ಕೂ ಎರಡು ಗಂಟೆ ಮೊದಲು. ಅಷ್ಟರಲ್ಲಿ ಮಾವ ಗೊತ್ತುಮಾಡಿದ ಆಳೊಬ್ಬ ನೆಲ ಗೋಡೆಯನ್ನೆಲ್ಲ ತೊಳೆದು ಹೋಗಿರುತ್ತಿದ್ದ. ಬೀಗ ತೆಗೆದು ಒಳಗೆ ಹೋಗಿ, ಕಿಟಕಿ ತೆರೆದು, ಒಲೆಯ ಮೇಲೆ ದೊಡ್ಡ ಪಾತ್ರೆಯಲ್ಲಿ ನೀರಿಟ್ಟು, ಒಂದು ಹಿಡಿ ಲವಂಗ ಹಾಕಿ ಕುದಿಸುವುದು. ಆವಿ ತುಂಬುವವರೆಗೆ ಕೋಣೆಯಿಂದ ಕೋಣೆಗೆ ಮೂಸುತ್ತ ಓಡಾಡುವುದು. ಗೋಡೆಯೊಳಗಿನ ಬೂಸಲು, ಕಪಾಟಿನ ಹಿಂದಿನ ತೇವ, ಬಚ್ಚಲ ಕಿಂಡಿಯಿಂದ ಏಳುವ ಕೊಳೆತ ಮೊಟ್ಟೆಯಂಥ ಉಸಿರು, ಒಂದೊಂದೂ ಅವಳಿಗೆ ಬೇರೆ ಬೇರೆ ಜನರ ದನಿಯಂತೆ ಕೇಳಿಸುತ್ತಿತ್ತು. ಎಲ್ಲ ದನಿಯೂ ಅಡಗಿದ ಮೇಲೆ ಫೋನ್ ಮಾಡಿ "ಇನ್ನು ಗೊತ್ತಾಗಲ್ಲ ಮಾವ" ಎನ್ನುತ್ತಿದ್ದಳು. ಆಗ ಮಾವ ಗಿರಾಕಿಯ ಜೊತೆ ಬರುತ್ತಿದ್ದ. ಇರುವೆಯ ಮೂಗಿಗೆ ಸಿಗದ್ದು ಲೋಕದ ಇನ್ಯಾವ ಮೂಗಿಗೂ ಸಿಗುವುದಿಲ್ಲವಲ್ಲ.

ಎರಡು ವರ್ಷ ಹೀಗೇ ಆಯಿತು. ಊಟಕ್ಕೆ ಕೈ ಬಾಯಿಯ ಹತ್ತಿರ ತಂದರೆ ಲವಂಗ, ತಲೆ ಬಾಚಿದರೆ ಬಾಚಣಿಗೆಯಲ್ಲಿ ಲವಂಗ. ಬೇರೆಯವರಿಗೆ ಅದು ಪರಿಮಳ. ಅವಳಿಗೆ ಮಾತ್ರ ಅದು ಹಿಂದೆ ಎಲ್ಲೋ ಏನೋ ಕೊಳೆಯುತ್ತಿದೆ ಎಂಬ ಸುದ್ದಿ.

ಇದರಿಂದ ಪಾರಾಗುವ ದಾರಿ ಒಂದೇ ಇತ್ತು: ಸ್ವಂತ ಲೈಸೆನ್ಸ್. ಅದೊಂದು ಕೈಗೆ ಬಂದರೆ ತನ್ನದೇ ಹೆಸರಿನಲ್ಲಿ ಮನೆ ಮಾರಬಹುದು, ತನಗೆ ಸರಿ ಕಂಡ ಹೊತ್ತಿನಲ್ಲಿ ಬಾಗಿಲು ತೆರೆಯಬಹುದು. ಇಲ್ಲದಿದ್ದರೆ ಸಾಯುವವರೆಗೆ ಮಾವನ ಮೂಗು. ಅದಕ್ಕೇ ಮಂಜುಗಡ್ಡೆ ಕಾರ್ಖಾನೆಯ ಮಹಡಿಯ ಮೇಲೆ ನಡೆಯುತ್ತಿದ್ದ ಕ್ಲಾಸಿಗೆ ಸೇರಿಕೊಂಡಳು. ಬೆಂಚಿನ ಕೆಳಗಿನಿಂದ ಚಳಿ ಏರಿ ಬರುವ ಆ ಕೋಣೆಯಲ್ಲಿ, ಮಫ್ಲರ್ ಸುತ್ತಿಕೊಂಡು ಪಾಠ ಹೇಳುತ್ತಿದ್ದ ಮೇಷ್ಟ್ರು ಒಂದು ದಿನ ಬೋರ್ಡಿನ ಮೇಲೆ ದೋಷಪಟ್ಟಿ ಎಂದು ದೊಡ್ಡದಾಗಿ ಬರೆದರು.

"ಇದರಲ್ಲಿ ಇಪ್ಪತ್ತೆರಡು ಅಂಕಣ ಇದೆ. ಚಾವಣಿ ಸೋರುತ್ತಾ, ಗೋಡೆ ಬಿರುಕು ಬಿಟ್ಟಿದೆಯಾ, ಚರಂಡಿ ಸರಿ ಇದೆಯಾ. ಮನೆ ಮಾರಿಸೋರು ತಮಗೆ ಗೊತ್ತಿರೋ ಪ್ರತಿಯೊಂದು ದೋಷಾನೂ ಬರೆದು ಕೊಳ್ಳೋರ ಕೈಗೆ ಕೊಡಬೇಕು. ಗೊತ್ತಿದ್ದೂ ಮುಚ್ಚಿಟ್ರೆ ಅಪರಾಧ."

"ಗೊತ್ತಿಲ್ದಿದ್ರೆ ಸಾರ್?" ಎಂದು ಹಿಂದಿನಿಂದ ಯಾರೋ ಕೇಳಿದರು.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. "ಗೊತ್ತಿಲ್ದಿದ್ರೆ ಏನ್ ಮಾಡಕ್ಕಾಗುತ್ತೆ? ಗೊತ್ತಿಲ್ಲ ಅಂತ ಬರೀರಿ."

ಇರುವೆಗೆ ಥಟ್ಟನೆ ಮಾವನ ಮೇಜಿನ ಮೇಲಿನ ರಬ್ಬರ್ ಮೊಹರು ನೆನಪಾಯಿತು. ಮರದ ಹಿಡಿ ಸವೆದು ನುಣುಪಾಗಿದ್ದ ಆ ಮೊಹರಿನಲ್ಲಿ ಇದ್ದದ್ದು ಮೂರೇ ಪದ: ನನ್ನ ಗಮನಕ್ಕೆ ಬಂದಿಲ್ಲ. ಮಾವ ಅದನ್ನು ಇಪ್ಪತ್ತೆರಡು ಅಂಕಣಗಳ ಮೇಲೂ ಟಪ್ ಟಪ್ ಎಂದು ಒತ್ತುತ್ತಿದ್ದ. ದಂಡೆಯ ಮನೆಗಳಿಗೆ ಉಬ್ಬರದ ಹೊತ್ತಿನಲ್ಲಿ ಅವನು ಒಮ್ಮೆಯೂ ಕಾಲಿಟ್ಟಿರಲಿಲ್ಲ. ಇಡಬಾರದು ಎಂಬುದೇ ಅವನ ವ್ರತ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತದೆಂದು ಗಾದೆ; ಈ ಬೆಕ್ಕು ಕಣ್ಣು ಮುಚ್ಚಿದ್ದಕ್ಕೆ ಮೊಹರು ಬೇರೆ ಮಾಡಿಸಿಕೊಂಡಿತ್ತು.

ಪರೀಕ್ಷೆಯಲ್ಲಿ ಇರುವೆಗೆ ನೂರಕ್ಕೆ ತೊಂಬತ್ತೊಂದು ಬಂತು. ಇನ್ನುಳಿದದ್ದು ಒಂದೇ ಮೆಟ್ಟಿಲು: ಪರೀಕ್ಷೆ ಪಾಸಾದ ತೊಂಬತ್ತು ದಿನದೊಳಗೆ, ಲೈಸೆನ್ಸ್ ಇರುವವರ ಕೈಕೆಳಗೆ ಒಂದು ಮನೆ ಮಾರಿ, ಅವರಿಂದ ಫಾರಂಗೆ ಸೈನ್ ಹಾಕಿಸಿಕೊಳ್ಳಬೇಕು. ತೊಂಬತ್ತು ದಿನ ದಾಟಿದರೆ ಪರೀಕ್ಷೆ ನೀರಿಗೆ ಬಿದ್ದಂತೆ. ಪೇಟೆಯಲ್ಲಿ ಲೈಸೆನ್ಸ್ ಇದ್ದ ಇನ್ನಿಬ್ಬರು ಮಾವನ ಬಾಯಿಗೆ ಹೆದರಿ "ಮನೆಯಲ್ಲೇ ಗಂಗೆ ಇಟ್ಕೊಂಡು ಇಲ್ಲಿಗ್ಯಾಕೆ ಬಂದೆಯಮ್ಮ" ಎಂದು ಜಾರಿಕೊಂಡರು.

ಅಜ್ಜಿಯ ಮಂಚದ ಹತ್ತಿರ ನಿಂತು ಇರುವೆ ಫಾರಂ ಮುಂದೆ ಮಾಡಿದಾಗ ಮಾವ ನಕ್ಕ.

"ತೊಂಬತ್ತೊಂದಾ! ಪುಸ್ತಕದ ಬದನೆಕಾಯಿ ಪುಟ್ಟಿ ಅದು. ದಂಡೆ ಸಾಲಿನ ಏಳನೇ ಮನೆ ಇದೆಯಲ್ಲ, ಅದನ್ನ ಮಾರು ನೋಡೋಣ. ನಾನು ತುಟಿ ಪಿಟಕ್ ಅನ್ನಲ್ಲ. ನಿನ್ನ ಬಾಯಿಂದ ನೀನೇ ಮಾರ್ಬೇಕು. ಮಾರಿದ ದಿನಾನೇ ಸೈನ್ ಹಾಕ್ತೀನಿ."

"ಆಣೆ ಮಾಡೋ" ಎಂದಳು ಅಜ್ಜಿ, ಮಲಗಿದಲ್ಲಿಂದಲೇ.

"ಏನಮ್ಮ ನೀನು, ಮಕ್ಕಳಾಟ."

"ಕಥೆಯಲ್ಲಿ ರಾಜರೂ ಮಾಡ್ತಾರೆ. ನಿನಗೇನು ಧಾಡಿ?"

ಮಾವ ನಗುತ್ತಲೇ ಅಜ್ಜಿಯ ತಲೆ ಮುಟ್ಟಿ ಆಣೆ ಮಾಡಿದ. ಏಳನೇ ಮನೆ ಮಾರಾಟವಾಗುತ್ತದೆಂದು ಅವನಿಗೆ ಖಾತ್ರಿಯಿತ್ತು. ಅಷ್ಟು ಖಾತ್ರಿ ಯಾಕೆಂದು ಇರುವೆ ಆಗ ಕೇಳಿಕೊಳ್ಳಲಿಲ್ಲ.

ಒಂದೂವರೆ ತಿಂಗಳಲ್ಲಿ ಗಿರಾಕಿ ಸಿಕ್ಕಿತು. ಆಸ್ಪತ್ರೆಯ ನರ್ಸ್ ಒಬ್ಬಳು, ನಲವತ್ತರ ಆಸುಪಾಸು, ಎಲ್ಲರೂ ಸಿಸ್ಟರ್ ಎಂದೇ ಕರೆಯುವವಳು. ಸೊಂಟದ ಕೆಳಗೆ ಸ್ವಾಧೀನವಿಲ್ಲದ ತಾಯಿಯನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಬಂದಳು. ಹಸಿರು ಹೊತ್ತು, ಮಟಮಟ ಮಧ್ಯಾಹ್ನ, ಹೊಸ ಬಿಳಿ ಬಣ್ಣದ ಗೋಡೆ, ಒಲೆಯ ಮೇಲೆ ಲವಂಗ. ಬಚ್ಚಲಿಗೆ ಹೊಸ್ತಿಲಿರಲಿಲ್ಲ, ಗಾಲಿಕುರ್ಚಿ ಸರಾಗವಾಗಿ ಒಳಗೆ ಹೋಗಿ ಹೊರಗೆ ಬಂತು. ಸಿಸ್ಟರ್ ಮೂರು ಸಲ ತಳ್ಳಿ ನೋಡಿದಳು.

"ನಮ್ಮಮ್ಮನ್ನ ನಾಲ್ಕು ವರ್ಷದಿಂದ ಎತ್ಕೊಂಡೇ ಸ್ನಾನ ಮಾಡಿಸ್ತಿದೀನಿ" ಎಂದಳು. "ಇಲ್ಲಿ ಆ ಕಷ್ಟ ಇರಲ್ಲ ಅಲ್ವಾ?"

"ಇರಲ್ಲ ಸಿಸ್ಟರ್" ಎಂದಳು ಇರುವೆ.

ಮುದುಕಿ ಕಣ್ಣು ಮುಚ್ಚಿ ಉಸಿರೆಳೆದುಕೊಂಡು "ಏನು ಘಮ ಘಮ ಅಂತಿದೆಯೇ ಮನೆ!" ಎಂದಳು. ಶುಕ್ರವಾರ ಕಾಗದಕ್ಕೆ ಸೈನ್ ಮಾಡುವುದೆಂದು ಮಾತಾಯಿತು. ಇರುವೆ ಹಾರುತ್ತಲೇ ಮನೆಗೆ ಬಂದಳು. ಹಾಗೆ ಹಾರಿದ್ದರಿಂದಲೇ, ಎರಡು ವರ್ಷದಲ್ಲಿ ಒಮ್ಮೆಯೂ ಮಾಡದ ತಪ್ಪು ಮಾಡಿದಳು: ಲವಂಗದ ಪಾತ್ರೆಯ ಕೆಳಗಿನ ಉರಿ ಆರಿಸುವುದನ್ನು ಮರೆತಳು.

ನೆನಪಾದದ್ದು ಸಂಜೆ ಆರಕ್ಕೆ, ಅಜ್ಜಿಯ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದಾಗ. ಕೈ ಒರೆಸದೆ ಓಡಿದಳು. ದಂಡೆಯ ಸಾಲಿಗೆ ಬಂದಾಗ ಮಧ್ಯಾಹ್ನದ ಹೊಳೆವ ಮರಳಿನ ಗುರುತೂ ಇರಲಿಲ್ಲ. ಕಡಲು ಏಳನೇ ಮನೆಯ ಹಿಂಗೋಡೆಗೆ ಎಮ್ಮೆಯಂತೆ ಮೈ ಉಜ್ಜುತ್ತ ನಿಂತಿತ್ತು.

ಬೀಗ ತೆಗೆದಾಗ ಮೊದಲು ತಾಗಿದ್ದು ಸುಟ್ಟ ಲವಂಗದ ಕಹಿ. ಅದರ ಹಿಂದೆಯೇ, ಅದನ್ನು ಪಕ್ಕಕ್ಕೆ ತಳ್ಳಿ, ಇನ್ನೊಂದು ಬಂತು. ಅವಳು ಸೆರಗನ್ನು ಮೂಗಿಗೊತ್ತಿಕೊಂಡು, ಸೀದು ಕರಿಯಾದ ಪಾತ್ರೆಯ ಕೆಳಗೆ ಉರಿ ಆರಿಸಿ ತಿರುಗಿದಳು. ಬಚ್ಚಲಿನಿಂದ ಗುಳ್ ಗುಳ್ ಎಂದು ಶಬ್ದ. ಯಾರೋ ಬಾಯಿ ಮುಕ್ಕಳಿಸುತ್ತಿದ್ದಾರೆ ಎನ್ನುವ ಹಾಗೆ.

ನೆಲದ ಕಿಂಡಿಯಿಂದ ಕಪ್ಪು ನೀರು ಏಳುತ್ತಿತ್ತು. ಪಾಯಖಾನೆಯ ಗುಂಡಿಗೆ ಕಡಲು ಕೆಳಗಿನಿಂದ ನುಗ್ಗಿ, ಅಲ್ಲಿ ವರ್ಷಗಟ್ಟಲೆ ಕೂತಿದ್ದದ್ದನ್ನೆಲ್ಲ ಮೇಲಕ್ಕೆ ಕಕ್ಕಿಸುತ್ತಿತ್ತು. ಕೂದಲಿನ ಉಂಡೆಯೊಂದು ಇಲಿಯ ಮರಿಯಂತೆ ಉರುಳಿ ಬಂತು. ಬೂದು ಬಣ್ಣದ ಲೋಳೆ, ನೆನೆದು ಹಿಟ್ಟಾದ ಕಾಗದ, ಹಳೆಯ ಎಣ್ಣೆಯ ಕಾಮನಬಿಲ್ಲು. ಹೊಸ್ತಿಲಿಲ್ಲದ ಬಚ್ಚಲಲ್ಲವೇ? ಗಾಲಿಕುರ್ಚಿ ಹೇಗೆ ಸರಾಗವಾಗಿ ಬಂದಿತ್ತೋ ಅದೂ ಹಾಗೆಯೇ ಸರಾಗವಾಗಿ ನಡುಮನೆಗೆ ಬಂತು. ಇರುವೆಯ ಕಾಲ್ಬೆರಳಿನ ಸಂದಿಗೆ ಬೆಚ್ಚಗೆ ಏನೋ ತಾಗಿತು. ಅವಳು ಗೋಡೆ ಹಿಡಿದುಕೊಂಡಳು. ಹಿಡಿದಲ್ಲಿ ಹೊಸ ಬಣ್ಣ ಹಪ್ಪಳದಂತೆ ಎದ್ದು ಬಂತು. ಬಿಳಿಯ ಕೆಳಗೆ ಹಳದಿ, ಹಳದಿಯ ಕೆಳಗೆ ಗುಲಾಬಿ, ಗುಲಾಬಿಯ ಕೆಳಗೆ ಹಸಿರು, ಹಸಿರಿನ ಕೆಳಗೆ ನೀಲಿ, ಆ ಒಂದೊಂದು ಪದರದಲ್ಲೂ ಮೊಣಕಾಲೆತ್ತರಕ್ಕೆ ಅದೇ ಕಂದು ಗೆರೆ. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಎನ್ನುತ್ತಾರೆ. ಇಲ್ಲಿ ನೀರೇ ಮನೆಗೆ ಬರುತ್ತಿತ್ತು, ದಿನಕ್ಕೆರಡು ಸಲ, ತಪ್ಪದ ನೆಂಟನಂತೆ.

ಬೀದಿಯ ಮೂಲೆಯಲ್ಲಿ ಬಗ್ಗಿ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕಕ್ಕಿ, ಅವಳು ನೇರ ಕಚೇರಿಗೆ ಹೋದಳು. ಮಾವ ಶುಕ್ರವಾರದ ಕಾಗದಗಳನ್ನು ಜೋಡಿಸುತ್ತಿದ್ದ.

"ಏಳನೇ ಮನೆಗೆ ಹೋಗಿದ್ದೆ ಮಾವ. ಈಗ."

ಮಾವನ ಕೈ ನಿಂತಿತು. "ಈಗ ಅಂದ್ರೆ? ಉಬ್ಬರದಲ್ಲಾ?"

"ಒಲೆ ಆರಿಸೋದು ಮರ್ತಿದ್ದೆ. ಒಳಗೆ ಬಚ್ಚಲಿಂದ..."

"ಏಯ್!" ಮಾವ ಎರಡೂ ಕಿವಿ ಮುಚ್ಚಿಕೊಂಡ. "ಹೇಳ್ಬೇಡ. ನೀನು ಹೇಳಿದ್ರೆ ನನಗೆ ಗೊತ್ತಾಗುತ್ತೆ. ಗೊತ್ತಾದ್ರೆ ಬರೀಬೇಕಾಗುತ್ತೆ."

"ನನಗೆ ಗೊತ್ತಾಗಿದೆಯಲ್ಲ."

"ಮರ್ತುಬಿಡು. ಮನೆ ಸುಟ್ಟು ಹೋಗಿದ್ರೂ ಪರವಾಗಿರ್ಲಿಲ್ಲ, ನೀನು ಹೋಗಿ ನೋಡ್ಬಾರ್ದಿತ್ತು. ಅಲ್ಲ, ಹೊಳೆ ದಾಟೋ ಹೊತ್ತಲ್ಲಿ ದೋಣಿಗೆ ತೂತು ಕೊರೀತಾರೇನೇ? ಶುಕ್ರವಾರ ಲೈಸೆನ್ಸ್ ಕೈಯಲ್ಲಿರುತ್ತೆ. ಆಮೇಲೆ ಸನ್ಯಾಸಿ ಆಗು ಬೇಕಾದ್ರೆ." ನಂತರ ಅವಳ ಕಾಲು ನೋಡಿ, ಮುಖ ಕಿವುಚಿ, ಒಂದಿಷ್ಟು ನಕ್ಕ. "ಕೈ ಕೆಸರಾದ್ರೆ ಬಾಯಿ ಮೊಸರು. ಹೋಗು, ತೊಳ್ಕೋ."

ಒಳಗೆ ಏನು ಕಂಡಿತು ಎಂದು ಮಾವ ಕೇಳಲೇ ಇಲ್ಲ. ಕೇಳುವ ಅಗತ್ಯ ಅವನಿಗಿರಲಿಲ್ಲ. ಅದು ಹೊಳೆದ ಗಳಿಗೆಯಲ್ಲೇ ಇರುವೆಯ ಕಣ್ಣು ಕಡತಗಳ ಕಪಾಟಿನತ್ತ ಹೋಯಿತು.

ಮಾವ ಊಟಕ್ಕೆ ಹೋದ ಮೇಲೆ ಅವಳು ಕಪಾಟು ತೆರೆದಳು. ಏಳನೇ ಮನೆಯ ಹೆಸರಿನಲ್ಲಿ ನಾಲ್ಕು ಕಡತಗಳಿದ್ದವು, ಒಂಬತ್ತು ವರ್ಷದಲ್ಲಿ ನಾಲ್ಕು ಮಾರಾಟ. ಒಂದೊಂದು ಬಣ್ಣಕ್ಕೆ ಒಬ್ಬೊಬ್ಬ ಯಜಮಾನ. ಕೊನೆಯವನು ಹಡಗಿನಲ್ಲಿ ಅಡುಗೆ ಮಾಡುವವನು. ಎರಡೇ ವರ್ಷಕ್ಕೆ ಸಾಕಾಗಿ, ಸಿಕ್ಕಷ್ಟಕ್ಕೆ ಮಾರಿಬಿಡಿ ಎಂದು ಎಲ್ಲ ಕಾಗದಕ್ಕೂ ಸೈನ್ ಹಾಕಿ ಕೊಟ್ಟು ಹಡಗಿಗೇ ಹೋಗಿಬಿಟ್ಟಿದ್ದ. ಈ ಮನೆ ಮಾವನಿಗೆ ಕರೆಯುವ ಹಸು. ಕೊಂಡವರು ಓಡಿಹೋಗುತ್ತಾರೆ, ಕೊಟ್ಟಿಗೆಗೆ ಹಸು ತಾನಾಗಿ ಮರಳುತ್ತದೆ, ಮತ್ತೆ ಹೊಸ ಬಣ್ಣ, ಮತ್ತೆ ಲವಂಗ. ನಾಲ್ಕನೆಯ ಸಲದ ಲವಂಗ ಕುದಿಸಿದವಳು ತಾನೇ ಎಂಬುದು ಅವಳಿಗೆ ನೆನಪಿತ್ತು. ಒಂದೊಂದು ಕಡತದ ಕೊನೆಯಲ್ಲೂ ಆಯಾ ಯಜಮಾನರು ಬರೆದ ಪತ್ರಗಳಿದ್ದವು. ಒಂದೂ ಒಡೆದಿರಲಿಲ್ಲ. ಓದಿದರೆ ಗೊತ್ತಾಗುತ್ತದಲ್ಲ! ಅಂಟು ಹಾಗೇ ಇದ್ದ ಲಕೋಟೆಯೊಂದನ್ನು ಮೂಗಿಗೆ ಹಿಡಿದಳು. ಒಳಗೇನು ಬರೆದಿದೆಯೆಂದು ಅವಳು ಒಡೆದು ಓದಬೇಕಾಗಿರಲಿಲ್ಲ.

ಮೇಲೆ ಹೋದರೆ ಅಜ್ಜಿ "ಮೊದ್ಲು ಕಾಲು ತೊಳಿ" ಎಂದಳು. ಇರುವೆ ಮೂರು ಸಲ ಸೋಪು ಹಾಕಿ ತೊಳೆದು ಬಂದು ಎಲ್ಲ ಹೇಳಿದಳು. ಮಾವನಂತೆ ಅಜ್ಜಿ ಕಿವಿ ಮುಚ್ಚಿಕೊಳ್ಳಲಿಲ್ಲ. ಕಥೆ ಕೇಳುವವರ ಹಾಗೆ ನಡುನಡುವೆ ಹೂಂ ಎನ್ನುತ್ತ ಕೇಳಿದಳು.

"ನನ್ನ ಹೊಟ್ಟೇಲಿ ಹುಟ್ಟಿದೋನು" ಎಂದಳು ಕೊನೆಗೆ. "ಈಗೇನ್ ಮಾಡ್ತೀಯ?"

"ಸಿಸ್ಟರ್‌ಗೆ ಮಾರಿದ್ರೆ ಲೈಸೆನ್ಸ್ ಸಿಗುತ್ತೆ ಅಜ್ಜಿ. ಹೇಳಿದ್ರೆ ಸಿಗಲ್ಲ."

"ರಾಜ ಏನು ಅಂದ್ಕೊಂಡ ಅನ್ನೋದು ಕಥೆಗೆ ಬೇಡ. ಏನು ಹೇಳ್ದ ಅನ್ನೋದಷ್ಟೇ ಲೆಕ್ಕ. ನಿಮ್ಮಾವ ಏನು ಹೇಳ್ದ?"

"ನನ್ನ ಬಾಯಿಂದ ಏಳನೇ ಮನೆ ಮಾರ್ಬೇಕು ಅಂದ್ರು."

"ಯಾರಿಗೆ ಅಂದ್ನಾ? ಯಾವ ಹೊತ್ತಲ್ಲಿ ಅಂದ್ನಾ?"

ಇರುವೆ ಮತ್ತೊಮ್ಮೆ ಕಾಲು ಒರೆಸಿಕೊಂಡಳು. ಅವಳಿಗೆ ಇನ್ನೂ ಕಾಲ್ಬೆರಳ ಸಂದಿಯಲ್ಲಿ ಆ ಬೆಚ್ಚನೆಯದು ಇದ್ದ ಹಾಗೇ ಅನ್ನಿಸುತ್ತಿತ್ತು.

ಗುರುವಾರ ದೋಷಪಟ್ಟಿ ತುಂಬಿದಳು. ಅಂಕಣಗಳು ಸಾಲದೆ ಹಿಂಬದಿಗೂ, ಇನ್ನೆರಡು ಹಾಳೆಗೂ ಹೋಯಿತು. ಅದನ್ನು ಆಸ್ಪತ್ರೆಯ ಹಿಂದಿನ ಮೆಟ್ಟಿಲಲ್ಲಿ ಸಿಸ್ಟರ್ ಕೈಗೆ ಕೊಟ್ಟಳು. ಸಿಸ್ಟರ್ ಶಾಂತವಾಗಿ ಎಲ್ಲ ಹಾಳೆ ಓದಿದಳು.

"ಲವಂಗ ಅದಕ್ಕಾ?"

"ಹೌದು."

"ಕುದಿಸಿದ್ದು ಯಾರು?"

"ನಾನೇ."

ಸಿಸ್ಟರ್ ಹಾಳೆಗಳನ್ನು ಮಡಿಸಿ ಹಿಂದಕ್ಕೆ ಕೊಟ್ಟಳು. ಬೆರಳ ತುದಿಯಲ್ಲಿ ಹಿಡಿದು, ಬಳಸಿದ ಬ್ಯಾಂಡೇಜ್ ಕೊಡುವ ಹಾಗೆ. "ನಮ್ಮಮ್ಮ ಎರಡು ದಿನದಿಂದ ಅದೇ ಘಮದ ಮಾತಾಡ್ತಿದಾಳೆ. ನಾನು ದಿನಾ ಹೇಲು ಉಚ್ಚೆ ಬಳಿಯೋಳು, ನನಗೆ ಅದ್ಯಾವುದೂ ಅಸಹ್ಯ ಅಲ್ಲ. ನಿನ್ನನ್ನ ನೋಡಿದ್ರೆ ಅಸಹ್ಯ ಆಗುತ್ತೆ. ಹೋಗು." ಆಗಷ್ಟೇ ಬಹುವಚನ ಬಿಟ್ಟಿದ್ದಳು. ಇರುವೆ ಗೇಟು ದಾಟುವಷ್ಟರಲ್ಲಿ ಹಿಂದೆ ನಲ್ಲಿ ತಿರುಗಿಸಿ ಕೈ ತೊಳೆಯುವ ಸದ್ದು ಕೇಳಿಸಿತು.

ಸತ್ಯ ಹೇಳಿದರೆ ಮೈ ಹಗುರಾಗುತ್ತದೆಂದು ಕಥೆಗಳು ಹೇಳುತ್ತವೆ. ಅವಳಿಗೆ ಹಾಗೇನೂ ಆಗಲಿಲ್ಲ. ಶುಕ್ರವಾರ ಸಿಸ್ಟರ್ ಬರಲಿಲ್ಲ. ಮಾವ ಮೂರು ದಿನ ಮಾತು ಬಿಟ್ಟು, ನಾಲ್ಕನೆಯ ದಿನ "ತೊಂಬತ್ತು ದಿನ ಮುಗಿಯೋಕೆ ಇನ್ನು ಇಪ್ಪತ್ತಾರು ದಿನ ಇದೆ" ಎಂದಷ್ಟೇ ಹೇಳಿದ. ಲವಂಗದ ಡಬ್ಬಿಯನ್ನು ಅವಳ ಮೇಜಿನ ಮೇಲೆ ಇಟ್ಟು ಹೋದ.

ಇರುವೆ ಡಬ್ಬಿಯನ್ನು ಮುಟ್ಟಲಿಲ್ಲ. ಗೋಡೆಯ ಪಟ್ಟಿಯ ಮುಂದೆ ನಿಂತು, ಕೆಂಪು ಪೆನ್ಸಿಲಿನಿಂದ ಉಬ್ಬರದ ಹೊತ್ತುಗಳಿಗೆ ಗುರುತು ಹಾಕಿದಳು.

ಅಂದಿನಿಂದ ಏಳನೇ ಮನೆಯನ್ನು ಅವಳು ತೋರಿಸಿದ್ದು ಕೆಂಪು ಹೊತ್ತಿನಲ್ಲಿ. ಬಂದವರ ಕೈಗೆ ಮೊದಲು ದೋಷಪಟ್ಟಿ, ಆಮೇಲೆ ಬಾಗಿಲು. ಒಬ್ಬ ಹೊಸ ಮದುವಣಿಗ ಹೆಂಡತಿಯನ್ನು ಅಲ್ಲೇ ಬಿಟ್ಟು ಓಡಿದ. ಶ್ರೀಮಂತನೊಬ್ಬ ಕರವಸ್ತ್ರದೊಳಗಿನಿಂದಲೇ ಬೈದ. ಮಾತು ಪೇಟೆಯಲ್ಲೆಲ್ಲ ಹಬ್ಬಿ, ಅಂಗಡಿ ಕಟ್ಟೆಯವರು ಅವಳಿಗೆ ಗಟಾರದ ರಾಣಿ ಎಂದು ಹೆಸರಿಟ್ಟರು. ಅವಳು ಪ್ರತಿ ಸಲವೂ ಹೊಸ್ತಿಲಲ್ಲಿ ನಿಲ್ಲುತ್ತಿದ್ದಳು, ಪ್ರತಿ ಸಲವೂ ವಾಕರಿಕೆ ಬರುತ್ತಿತ್ತು. ಹನ್ನೊಂದು ಜನ ಬಂದು ಹೋದರು. ದಿನಗಳು ಆರು ಉಳಿದವು.

ಹನ್ನೆರಡನೆಯವನು ದೋಣಿ ಕಟ್ಟುವ ಮೇಸ್ತ್ರಿ. ಮೀನೆಣ್ಣೆಯಲ್ಲೂ ಡಾಂಬರಿನಲ್ಲೂ ನಲವತ್ತು ವರ್ಷ ಅದ್ದಿ ತೆಗೆದ ಮನುಷ್ಯ. ದೋಷಪಟ್ಟಿಯನ್ನು ತುಟಿ ಅಲುಗಿಸುತ್ತ ಪೂರಾ ಓದಿದ, ಪಂಚೆ ಎತ್ತಿ ಕಟ್ಟಿ ನೇರ ಒಳಗೆ ನಡೆದ. ಕಪ್ಪು ನೀರಿನ ನಡುವೆ ನಿಂತು, ಗೋಡೆಯ ಕಂದು ಗೆರೆಗೆ ಹೆಬ್ಬೆರಳಿಟ್ಟು ಗೇಣು ಹಾಕಿ ಅಳೆದ.

"ಎಷ್ಟು ಹೊತ್ತು ನಿಲ್ಲುತ್ತೆ ತಂಗಿ?"

ನೀರಿನ ಬಗ್ಗೆ ಒಂದು ಪ್ರಶ್ನೆಯನ್ನು ಆ ಮನೆಯಲ್ಲಿ ಈವರೆಗೆ ಯಾರೂ ಕೇಳಿರಲಿಲ್ಲ.

"ಎರಡು ಗಂಟೆ. ಹುಣ್ಣಿಮೆ ಅಮಾವಾಸ್ಯೆಗೆ ಮೂರು."

"ಏರೋದು ನಿಧಾನಕ್ಕಾ, ಒಮ್ಮೆಗೇನಾ?"

"ನಿಧಾನಕ್ಕೆ."

"ಇನ್ನೇನು ಬೇಕು!" ಮೇಸ್ತ್ರಿಯ ಕಣ್ಣು ಹೊಳೆಯಿತು. "ಈಗ ಕಟ್ಟಿದ ದೋಣೀನ ನೀರಿಗಿಳಿಸೋಕೆ ಇಪ್ಪತ್ತು ಜನ ಹೆಗಲು ಕೊಡ್ಬೇಕು. ಇಲ್ಲಿ ಹಿಂಗೋಡೆ ಒಡೆದು ನೆಲ ತಗ್ಗು ಮಾಡಿದ್ರೆ ನೀರೇ ಬಂದು ದೋಣಿ ಎತ್ಕೊಂಡು ಹೋಗುತ್ತೆ. ಆ ಗುಂಡಿ ಖಾಲಿ ಮಾಡಿಸಿ ಮಣ್ಣು ತುಂಬಿಸ್ತೀನಿ. ಮನೆ ಬೇಡ ನನಗೆ, ಈ ಜಾಗ ಸಾಕು." ಹೊರಗೆ ಬಂದು ಕಾಲು ಝಾಡಿಸಿದ. "ಆದ್ರೆ ಸೈನ್ ಇಲ್ಲೇ ಆಗ್ಬೇಕು, ಇದೇ ಹೊತ್ತಲ್ಲಿ. ಇಲ್ಲಿ ನೀರು ಬರುತ್ತೆ ಅಂತ ಬರೆದು ಕೊಟ್ಟಿದೀರಿ. ನಾಳೆ ಬರ್ಲಿಲ್ಲ ಅಂದ್ರೆ ನಾನು ಯಾರನ್ನ ಕೇಳ್ಲಿ?"

ಮಾವ ಕೇಳಿದವನೇ ಕೆಂಡವಾದ. "ದೋಣಿ ಕೊಟ್ಟಿಗೆಗಾ? ಒಡೆದು ಹಾಕ್ತಾನಾ? ಅದನ್ನ ಮಾರು ಅಂದಿದ್ದು ಹೀಗಲ್ಲ!"

"ಮತ್ತೆ ಹೇಗೆ ಮಾವ? ಅದು ತಿರುಗಿ ಬರೋ ಹಾಗಾ?"

ಮಾವನ ಬಾಯಿ ತೆರೆದೇ ಇತ್ತು. ಅದರಿಂದ ಮಾತು ಹೊರಡದೆ ಇದ್ದದ್ದನ್ನು ಇರುವೆ ನೋಡಿದ್ದು ಅದೇ ಮೊದಲು. ಮೇಲಿನಿಂದ ಅಜ್ಜಿ ಕೋಲಿನಲ್ಲಿ ನೆಲ ಕುಟ್ಟಿದಳು, ಒಂದು ಸಲ, ಎರಡು ಸಲ. "ಲೋ, ನನ್ನ ತಲೆ ಮುಟ್ಟಿದ ಕೈ ಇನ್ನೂ ನಿನ್ನ ಹತ್ರಾನೇ ಇದೆಯೇನೋ?"

ಮಾರನೆಯ ದಿನದ ಉಬ್ಬರ ಸಂಜೆ ನಾಲ್ಕೂವರೆಗೆ. ಮೇಸ್ತ್ರಿ ಬಚ್ಚಲಿನ ಪಕ್ಕದಲ್ಲೇ ಕಾಯುತ್ತಿದ್ದ, ಬೀಡಿ ಸೇದುತ್ತ. ಇರುವೆ ಕಾಗದಗಳನ್ನು ಎದೆಗವಚಿಕೊಂಡು ಮೊಣಕಾಲುದ್ದದ ನೀರಿನಲ್ಲಿ ನಿಂತಿದ್ದಳು. ಪಾಲಿಶ್ ಮಾಡಿದ ಶೂ ಹಾಕಿಕೊಂಡು ಬಂದ ಮಾವ ಹೊಸ್ತಿಲ ಹೊರಗೇ ನಿಂತು, "ಇಲ್ಲಿಗೇ ತಾ, ಹಾಕ್ತೀನಿ" ಎಂದ. ಕೈ ಜೇಬಿನೊಳಗಿನ ಮೊಹರನ್ನು ಹುಡುಕುತ್ತಿತ್ತು.

"ಒಳಗೆ ಬನ್ನಿ ಸಾಹೇಬ್ರೇ" ಎಂದ ಮೇಸ್ತ್ರಿ. "ಖುದ್ದು ನೋಡಿದ್ದೇನೆ ಅಂತ ಬರೆದಿದೆ ದೋಷಪಟ್ಟೀಲಿ. ನೋಡದೆ ಹಾಕಿದ್ರೆ ಹೇಗೆ?"

ಮಾವ ಶೂ ಬಿಚ್ಚಿದ. ಕಾಲುಚೀಲ ಬಿಚ್ಚಿದ. ಪ್ಯಾಂಟಿನ ಕಾಲನ್ನು ಮಡಿಸಿ, ಕರವಸ್ತ್ರದಿಂದ ಮೂಗು ಬಾಯಿ ಎರಡನ್ನೂ ಮುಚ್ಚಿಕೊಂಡು, ಒಂದು ಕಾಲಿಟ್ಟ. ಏನೋ ಮೆತ್ತಗಿನದು ಪಾದದ ಕೆಳಗೆ ಜಾರಿತು; ಅವನ ಮೈಯೆಲ್ಲ ಮುಳ್ಳೆದ್ದಿತು. ಕೂದಲಿನ ಉಂಡೆಯೊಂದು ಅವನ ಮೀನಖಂಡಕ್ಕೆ ಅಂಟಿಕೊಂಡು ಅಲ್ಲೇ ನಿಂತಿತು. ಮನೆಯಲ್ಲಿ ಮೇಜಿರಲಿಲ್ಲ, ಒಣಗಿದ ಜಾಗವಿರಲಿಲ್ಲ. ಇರುವೆ ದೋಷಪಟ್ಟಿಯನ್ನು ಮುಂದೆ ಹಿಡಿದಳು.

"ಗೋಡೆಗಿಟ್ಟು ಹಾಕಿ ಮಾವ."

ಗೋಡೆಗೆ ಕಾಗದ ಒತ್ತಿ ಹಿಡಿಯಲು ಒಂದು ಕೈ ಬೇಕು. ಬರೆಯಲು ಇನ್ನೊಂದು. ಮಾವ ಅತ್ತಿತ್ತ ನೋಡಿದ. ಮೇಸ್ತ್ರಿ ಬೀಡಿಯ ಹೊಗೆ ಬಿಟ್ಟು ಚಾವಣಿ ನೋಡಿದ. ಇರುವೆ ಉಳಿದ ಕಾಗದಗಳ ಸಮೇತ ತನ್ನೆರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

ಮಾವ ಕರವಸ್ತ್ರ ತೆಗೆದ.

ಒಂಬತ್ತು ವರ್ಷದ ವಾಸನೆ ಅವನ ಮೂಗಿಗೆ ಒಮ್ಮೆಲೇ ಹೋಗಿದ್ದನ್ನು ಅವಳು ಅವನ ಮುಖದಲ್ಲಿ ನೋಡಿದಳು. ಮೊದಲು ಹುಬ್ಬು, ಆಮೇಲೆ ಕೆನ್ನೆ, ಆಮೇಲೆ ಗಂಟಲು. ಕಣ್ಣಲ್ಲಿ ನೀರು ಬಂತು. ಅವನು ಒಮ್ಮೆ ಬಗ್ಗಿ ಗೋಡೆಯ ಮೂಲೆಗೆ ಕಕ್ಕಿದ. ಅದೂ ಆ ನೀರಿನ ಜೊತೆ ಸೇರಿ ಸುತ್ತತೊಡಗಿತು. ಅವಳಿಗೆ ಕರುಣೆ ಬರಲಿಲ್ಲ, ಸಂತೋಷವೂ ಆಗಲಿಲ್ಲ. ಕಾಲು ಯಾವಾಗ ತೊಳೆಯುತ್ತೇನೋ ಎಂದಷ್ಟೇ ಅನ್ನಿಸುತ್ತಿತ್ತು.

ಮಾವ ಬಾಯಿ ಒರೆಸಿಕೊಂಡು ದೋಷಪಟ್ಟಿಯ ಕೆಳಗೆ ಸೈನ್ ಹಾಕಿದ. ಮೇಸ್ತ್ರಿ ಹಾಕಿದ. ಇರುವೆ ಹಾಕಿದಳು. ಮಾರಾಟದ ಕಾಗದಗಳು ಮುಗಿದವು. ಕೊನೆಗೆ ಅವಳು ತನ್ನ ಫಾರಂ ತೆಗೆದಳು.

"ಅದನ್ನ ಕಚೇರೀಲಿ..."

"ಮಾರಿದ ದಿನಾನೇ ಅಂದಿದ್ರಿ."

ಗೋಡೆಯ ಬಿಳಿ ಬಣ್ಣ ಅವನ ಮುಂಗೈಗೆ ಅಂಟಿಕೊಳ್ಳುತ್ತಿತ್ತು, ಅದರ ಕೆಳಗೆ ಹಳದಿ, ಗುಲಾಬಿ, ಹಸಿರು, ನೀಲಿ. ಮಾವ ಉಸಿರು ಬಿಗಿಹಿಡಿದು, ಹಿಡಿಯಲಾಗದೆ ಬಿಟ್ಟು, ಮತ್ತೆ ಎಳೆದುಕೊಂಡು, ಪೆನ್ನೂರಿ, ತನ್ನ ಹೆಸರನ್ನು ಪೂರ್ತಿ ಬರೆದ.